ಕಡ ತಂದು ಮಾರಿದ ಷೇರು: ಗಣಿ ಕಂಪನಿಯೊಂದರ ಮೇಲಣ ಸಂಶಯದ ಲೆಕ್ಕ

ಭೂಗರ್ಭದಲ್ಲಿರುವ ಸಂಪತ್ತನ್ನು ಕಣ್ಣಾರೆ ಕಂಡು ಬೆಲೆ ಕಟ್ಟಿದವರು ಯಾರೂ ಇಲ್ಲ. ಹೊಲದ ಪೈರನ್ನು ಬದುವಿನ ಮೇಲೆ ನಿಂತು ಅಂದಾಜು ಮಾಡಬಹುದು. ತೋಟದ ಫಸಲನ್ನು ಮರಗಳನ್ನೆಣಿಸಿ ಗುತ್ತಿಗೆ ಹಿಡಿಯಬಹುದು. ಗಣಿಯ ವಿಷಯ ಹಾಗಲ್ಲ. ಅಲ್ಲೊಂದು ಇಲ್ಲೊಂದು ಕಡೆ ನೆಲವನ್ನು ಆಳವಾಗಿ ಕೊರೆದು, ಹೊರತೆಗೆದ ಕಲ್ಲನ್ನು ಪರೀಕ್ಷಿಸಿ, ಕೊರೆಯದ ನಡುವಣ ಭಾಗದಲ್ಲಿಯೂ ಅದೇ ಅದಿರು ಇದ್ದೀತೆಂದು ಗಣಿಸಿ, ಆ ಗಣನೆಯನ್ನು ನೆಚ್ಚಿ ಬಂಡವಾಳ ಹೂಡುವುದು ಗಣಿ ಉದ್ಯಮದ ರೀತಿ. ಆದಕಾರಣ ಗಣಿ ಕಂಪನಿಯ ಷೇರಿನ ಬೆಲೆಯಲ್ಲಿ ನಂಬಿಕೆಯ ಪಾಲಿನ ಜೊತೆಗೆ ಸಂಶಯದ ಪಾಲೂ ಸದಾ ಬೆರೆತಿರುತ್ತದೆ.

ಕನ್ನಡ ನಾಡಿಗೆ ಇದು ಅಪರಿಚಿತವಾದ ಅನುಭವವಲ್ಲ. ಕೋಲಾರದ ಚಿನ್ನವನ್ನು ತೆಗೆಯುವುದಕ್ಕಾಗಿ 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಸ್ಥಾಪಿತವಾಯಿತು. ಮೊದಲ ಕೆಲವು ವರ್ಷಗಳಲ್ಲಿ ಹೇಳಿಕೊಳ್ಳುವಂತಹ ಚಿನ್ನ ದೊರೆಯದೆ, ಕೂಡಿಸಿದ ಬಂಡವಾಳ ಕರಗುತ್ತ ಬಂದು, ಕಂಪನಿಯನ್ನೇ ಮುಚ್ಚಿಬಿಡುವ ಮಾತು ಕೇಳಿಬಂದಿತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರ ಸಲಹೆಯಂತೆ ಉಳಿದಿದ್ದ ಹಣವನ್ನೂ ಹೂಡಿ ಇನ್ನಷ್ಟು ಆಳಕ್ಕಿಳಿದಾಗ, ಆ ದಶಕದ ನಡುಭಾಗದಲ್ಲಿ, ಚಾಂಪಿಯನ್ ರೀಫ್ ಎಂದು ಪ್ರಸಿದ್ಧವಾದ ಚಿನ್ನದ ಪದರ ಕೈಗೆ ಸಿಕ್ಕಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚುವವರೆಗೆ ಆ ಗಣಿಗಳು ಶತಮಾನಕ್ಕೂ ಮೀರಿ ಚಿನ್ನ ಕೊಟ್ಟವು. ಸಂಶಯಪಟ್ಟು ದೂರ ಸರಿದವರು ಎಷ್ಟು ಮಂದಿ, ನಂಬಿ ಉಳಿದವರು ಎಷ್ಟು ಮಂದಿ ಎಂಬುದನ್ನು ತಿಳಿಸುವ ಅಂಕಿಯೊಂದು ಅಂದಿನ ಷೇರುಪೇಟೆಯಲ್ಲಿ ಇರಲಿಲ್ಲ.

ಈಗ ಅಂತಹ ಅಂಕಿಯೊಂದುಂಟು. ಇಂಗ್ಲಿಷಿನಲ್ಲಿ ಅದಕ್ಕೆ ಶಾರ್ಟ್ ಇಂಟರೆಸ್ಟ್ ಎಂದು ಹೆಸರು. ಇಲ್ಲಿ ಇಂಟರೆಸ್ಟ್ ಎಂಬುದಕ್ಕೆ ಬಡ್ಡಿಯೆಂಬ ಅರ್ಥವೂ ಇಲ್ಲ, ಆಸಕ್ತಿಯೆಂಬ ಅರ್ಥವೂ ಇಲ್ಲ. ಬೆಲೆ ಇಳಿಯುವುದೆಂಬ ಎಣಿಕೆಯಿಂದ ಕಡ ತಂದು ಮಾರಿ, ಇನ್ನೂ ಹಿಂದಿರುಗಿಸದೆ ಉಳಿದಿರುವ ಷೇರುಗಳ ಒಟ್ಟು ಬಾಕಿ ಎಂಬುದೇ ಅದರ ಅರ್ಥ. ಈ ಬಾಕಿಯನ್ನು ಓದುವ ಬಗೆ ಹೇಗೆ, ಅದು ಹೇಳುವುದೇನು, ಹೇಳದಿರುವುದೇನು ಎಂಬುದನ್ನು ಆಸ್ಟ್ರೇಲಿಯದ ಗಣಿ ಕಂಪನಿಯೊಂದರ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ. ನಿವೃತ್ತಿಯ ಹಣವನ್ನು ಷೇರುಗಳಲ್ಲಿ ತೊಡಗಿಸುವ ಅಧ್ಯಾಪಕರಿಗೂ, ದತ್ತಿನಿಧಿಯ ಭದ್ರತೆಯ ಹೊಣೆ ಹೊತ್ತವರಿಗೂ ಇಂತಹ ಅಂಕಿಗಳು ಇಂದು ಅಂಗೈಯಲ್ಲೇ ದೊರೆಯುತ್ತವೆ. ದೊರೆತ ಅಂಕಿಯನ್ನು ತಪ್ಪಾಗಿ ಓದಿದರೆ ಬರುವ ನಷ್ಟ ಮಾತ್ರ ಒಂದು ಜೀವಮಾನದ ಉಳಿತಾಯವಾಗಿರಬಹುದು.

ಕಡಮಾರಾಟವೆಂದರೇನು?

ಕನ್ನಡದಲ್ಲಿ ಎರವು ಎಂಬ ಮಾತಿಗೂ ಕಡ ಎಂಬ ಮಾತಿಗೂ ಸೂಕ್ಷ್ಮವಾದ ಭೇದವುಂಟು. ನೆರೆಮನೆಯಿಂದ ಒನಕೆಯನ್ನು ಎರವು ತಂದವರು ಕೆಲಸ ಮುಗಿದ ಮೇಲೆ ಅದೇ ಒನಕೆಯನ್ನು ಹಿಂದಿರುಗಿಸುತ್ತಾರೆ. ಒಂದು ಸೇರು ಅಕ್ಕಿಯನ್ನು ಕಡ ತಂದವರಾದರೋ ಅವೇ ಕಾಳುಗಳನ್ನು ಹಿಂದಿರುಗಿಸುವಂತಿಲ್ಲ. ಅದನ್ನು ಅಂದೇ ಬೇಯಿಸಿ ಉಂಡಿರುತ್ತಾರೆ. ಅದೇ ಅಳತೆಯ, ಅದೇ ಬಗೆಯ ಬೇರೆ ಅಕ್ಕಿಯನ್ನು ಅಳೆದು ಕೊಟ್ಟರೆ ಋಣ ತೀರಿತು. ಷೇರು ಎಂಬುದು ಒನಕೆಯಂತಲ್ಲ, ಅಕ್ಕಿಯಂತೆ. ಒಂದು ಕಂಪನಿಯ ಒಂದು ಷೇರಿಗೂ ಇನ್ನೊಂದು ಷೇರಿಗೂ ವ್ಯತ್ಯಾಸವಿಲ್ಲ. ಆದ್ದರಿಂದಲೇ ಅದನ್ನು ಕಡ ತರಬಹುದು, ತಂದುದನ್ನು ಮಾರಬಹುದು, ಮುಂದೊಂದು ದಿನ ಪೇಟೆಯಲ್ಲಿ ಕೊಂಡು ಹಿಂದಿರುಗಿಸಬಹುದು.

ಲೆಕ್ಕ ಸರಳವಾದುದು. 100 ರೂಪಾಯಿ ಬೆಲೆಯ ಷೇರೊಂದು ಇಳಿಯುವುದೆಂದು ಒಬ್ಬನು ಭಾವಿಸುತ್ತಾನೆ. ಅವನ ಬಳಿ ಷೇರು ಇಲ್ಲ. ಇರುವವರಿಂದ 10 ಷೇರುಗಳನ್ನು ಕಡ ತಂದು ಮಾರಿ 1,000 ರೂಪಾಯಿ ಪಡೆಯುತ್ತಾನೆ. ಬೆಲೆ 70ಕ್ಕೆ ಇಳಿದಾಗ 700 ರೂಪಾಯಿಗೆ 10 ಷೇರುಗಳನ್ನು ಕೊಂಡು ಋಣ ತೀರಿಸುತ್ತಾನೆ. 300 ರೂಪಾಯಿ ಅವನ ಪಾಲಿಗೆ ಉಳಿಯುತ್ತದೆ. ಅದರಲ್ಲಿ ಕಡ ಕೊಟ್ಟವರಿಗೆ ಸಲ್ಲಬೇಕಾದ ಶುಲ್ಕವನ್ನು ಕಳೆಯಬೇಕು. ಬೆಲೆ ಇಳಿಯದೆ 160ಕ್ಕೆ ಏರಿದರೆ 1,600 ರೂಪಾಯಿ ತೆತ್ತು ಕೊಳ್ಳಬೇಕು. 600 ರೂಪಾಯಿ ಕೈಬಿಟ್ಟಂತಾಯಿತು. ಕೊಂಡು ಇಟ್ಟುಕೊಂಡವನ ನಷ್ಟಕ್ಕೆ ಮಿತಿಯುಂಟು, ಏಕೆಂದರೆ ಬೆಲೆ ಶೂನ್ಯಕ್ಕಿಂತ ಕೆಳಗೆ ಹೋಗಲಾರದು. ಕಡಮಾರಿದವನ ನಷ್ಟಕ್ಕೆ ಮಿತಿಯೆಂಬುದಿಲ್ಲ, ಏಕೆಂದರೆ ಬೆಲೆ ಎಷ್ಟು ಎತ್ತರಕ್ಕಾದರೂ ಏರಬಲ್ಲುದು. ಇದರ ಜೊತೆಗೆ, ಕಡದ ಅವಧಿಯಲ್ಲಿ ಕಂಪನಿ ಲಾಭಾಂಶ ಹಂಚಿದರೆ ಆ ಮೊತ್ತವನ್ನು ಕಡ ತಂದವನೇ ಕೊಟ್ಟವನಿಗೆ ತುಂಬಿಕೊಡಬೇಕು.

ಈ ಪದ್ಧತಿ ಇಂದು ನಿನ್ನೆಯದಲ್ಲ. 1609ರಲ್ಲಿ ಆಮ್‌ಸ್ಟರ್‌ಡಾಮ್ ನಗರದ ವರ್ತಕ ಐಸಾಕ್ ಲ ಮೇರ್ ಎಂಬಾತನು ತನ್ನ ಸಂಗಡಿಗರೊಡನೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳನ್ನು, ತಮ್ಮಲ್ಲಿಲ್ಲದವನ್ನೂ ಸೇರಿಸಿ, ಮುಂದಿನ ವಾಯಿದೆಗೆ ಮಾರಿದನು. ಕಂಪನಿ ದೂರು ಕೊಟ್ಟಿತು. 1610ರಲ್ಲಿ ತನ್ನದಲ್ಲದ ಷೇರನ್ನು ಮಾರುವುದನ್ನು ನಿಷೇಧಿಸುವ ಆಜ್ಞೆ ಹೊರಟಿತು. ಅಂದಿನಿಂದ ಇಂದಿನವರೆಗೆ ಈ ವಾದ ಮುಗಿದಿಲ್ಲ. ಕಡಮಾರಾಟವು ಬೆಲೆಯನ್ನು ಕೃತಕವಾಗಿ ಕೆಡವುವುದೆಂಬುದು ಒಂದು ಪಕ್ಷ; ಉಬ್ಬಿದ ಬೆಲೆಯನ್ನು ನೆಲಕ್ಕಿಳಿಸಿ ಮೋಸವನ್ನು ಬಯಲಿಗೆಳೆಯುವುದೆಂಬುದು ಇನ್ನೊಂದು ಪಕ್ಷ. ಎರಡು ಪಕ್ಷಗಳಿಗೂ ಒಪ್ಪಿಗೆಯಾದ ಸಂಗತಿ ಒಂದೇ: ಬಾಕಿಯ ಲೆಕ್ಕ ಸಾರ್ವಜನಿಕರಿಗೆ ತಿಳಿಯಬೇಕು.

ಪಿಲ್ಬಾರಾದ ನಿದರ್ಶನ

ಪಶ್ಚಿಮ ಆಸ್ಟ್ರೇಲಿಯದ ಪಿಲ್ಬಾರಾ ಪ್ರದೇಶದಲ್ಲಿ, ಪೋರ್ಟ್ ಹೆಡ್‌ಲೆಂಡ್ ಬಂದರಿನಿಂದ ಸುಮಾರು 120 ಕಿಲೋಮೀಟರು ದೂರದಲ್ಲಿ, ಪಿಲ್ಗಂಗೂರಾ ಎಂಬ ಗಣಿಯಿದೆ. ಅಲ್ಲಿ ಸ್ಪೊಡ್ಯುಮೀನ್ ಎಂಬ ಖನಿಜವನ್ನು ತೆಗೆಯುತ್ತಾರೆ. ವಿದ್ಯುಚ್ಚಾಲಿತ ವಾಹನಗಳ ಬ್ಯಾಟರಿಗೆ ಬೇಕಾದ ಲಿಥಿಯಂ ಧಾತು ಈ ಖನಿಜದಿಂದ ದೊರೆಯುತ್ತದೆ. ಕರ್ನಾಟಕದಲ್ಲಿಯೂ ಮಂಡ್ಯ ಜಿಲ್ಲೆಯ ಮರಲಗಲ್ಲ ಪ್ರದೇಶದಲ್ಲಿ 1,600 ಟನ್ನುಗಳಷ್ಟು ಲಿಥಿಯಂ ಇರಬಹುದೆಂಬ ಪ್ರಾಥಮಿಕ ಅಂದಾಜನ್ನು ಕೇಂದ್ರದ ಅಣುಶಕ್ತಿ ಇಲಾಖೆಯ ಅನ್ವೇಷಕರು ಮಾಡಿದ್ದು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಪಿಲ್ಗಂಗೂರಾ ಗಣಿಯ ಒಡೆತನ ಪಿಲ್ಬಾರಾ ಮಿನರಲ್ಸ್ ಎಂಬ ಕಂಪನಿಯದು. ಆ ಕಂಪನಿ 2025ರಲ್ಲಿ ಪಿಎಲ್‌ಎಸ್ ಎಂಬ ಹೆಸರನ್ನು ತಾಳಿತು.

ಈ ಖನಿಜದ ಬೆಲೆಯ ಏರಿಳಿತ ಅಸಾಧಾರಣವಾದುದು. 2021ರ ಜುಲೈನಲ್ಲಿ ಕಂಪನಿ ನಡೆಸಿದ ಮೊದಲ ಹರಾಜಿನಲ್ಲಿ ಟನ್ನಿಗೆ 1,250 ಅಮೆರಿಕನ್ ಡಾಲರು ದೊರೆತಿತ್ತು. 2022ರ ನವೆಂಬರಿನ ಹರಾಜಿನಲ್ಲಿ ಅದು 7,800 ಡಾಲರನ್ನು ಮುಟ್ಟಿತು. 2023ರ ಜೂನ್ ಅಂತ್ಯಕ್ಕೆ ಮುಗಿದ ಆರ್ಥಿಕ ವರ್ಷದಲ್ಲಿ ಕಂಪನಿಗೆ ಸುಮಾರು 239 ಕೋಟಿ ಆಸ್ಟ್ರೇಲಿಯನ್ ಡಾಲರುಗಳ ಲಾಭ ಬಂದಿತು. ಷೇರಿನ ಬೆಲೆ ಐದು ಡಾಲರನ್ನು ಮೀರಿತ್ತು.

ಕಂಪನಿಯ ವೈಭವ ಇಷ್ಟು ಎತ್ತರದಲ್ಲಿದ್ದಾಗಲೇ ಅದರ ಷೇರನ್ನು ಕಡ ತಂದು ಮಾರುವವರ ಸಂಖ್ಯೆ ಏರತೊಡಗಿತು. 2023ರ ಅಂತ್ಯದ ವೇಳೆಗೆ ಕಡಮಾರಾಟದ ಬಾಕಿ ಒಟ್ಟು ಷೇರುಗಳ ಶೇಕಡಾ 20ರ ಆಸುಪಾಸಿಗೆ ಬಂದು, ಆಸ್ಟ್ರೇಲಿಯದ ಷೇರುಪೇಟೆಯಲ್ಲೇ ಅತ್ಯಧಿಕ ಕಡಮಾರಾಟಕ್ಕೆ ಗುರಿಯಾದ ಷೇರು ಎಂಬ ಹೆಸರು ಅದಕ್ಕೆ ಅಂಟಿತು. ಆಗ ಕಂಪನಿಯ ಒಟ್ಟು ಷೇರುಗಳು ಸುಮಾರು 300 ಕೋಟಿ. ಶೇಕಡಾ 20 ಎಂದರೆ ಸುಮಾರು 60 ಕೋಟಿ ಷೇರುಗಳು ಕಡ ತಂದು ಮಾರಿದವು, ಮುಂದೊಮ್ಮೆ ಕೊಂಡು ಹಿಂದಿರುಗಿಸಲೇಬೇಕಾದವು. ಆ ಆರ್ಥಿಕ ವರ್ಷಕ್ಕಾಗಿ ಕಂಪನಿ ಷೇರೊಂದಕ್ಕೆ ಎರಡು ಕಂತುಗಳಲ್ಲಿ 25 ಸೆಂಟುಗಳ ಲಾಭಾಂಶ ಕೊಟ್ಟಿತು. ಆ ದಿನಗಳಲ್ಲಿ ಕಡ ಹೊತ್ತಿದ್ದವರು ಅದನ್ನು ತಮ್ಮ ಕೈಯಿಂದಲೇ ತೆತ್ತರು.

ಅವರ ಸಂಶಯಕ್ಕೆ ಆಧಾರವಿತ್ತು. ಬೆಲೆ ಏರಿದಾಗ ಆಸ್ಟ್ರೇಲಿಯ, ಚೀನ ಮತ್ತು ಆಫ್ರಿಕಾಗಳಲ್ಲಿ ಹೊಸ ಗಣಿಗಳು ತೆರೆದಿದ್ದವು. ವಿದ್ಯುತ್ ವಾಹನಗಳ ಬೇಡಿಕೆ ನಿರೀಕ್ಷಿಸಿದ ವೇಗದಲ್ಲಿ ಬೆಳೆಯಲಿಲ್ಲ. ಕಂಪನಿಗೆ 2023ರ ಆರ್ಥಿಕ ವರ್ಷದಲ್ಲಿ ಟನ್ನಿಗೆ ಸರಾಸರಿ 4,447 ಡಾಲರು ದೊರೆತಿದ್ದರೆ, 2024ರಲ್ಲಿ 1,176 ಡಾಲರು, 2025ರಲ್ಲಿ ಕೇವಲ 672 ಡಾಲರು ದೊರೆಯಿತು. ಗಣಿಯ ಉತ್ಪಾದನೆ ವರ್ಷದಿಂದ ವರ್ಷಕ್ಕೆ ಹೆಚ್ಚಿದರೂ ಲಾಭ 2024ರಲ್ಲಿ ಸುಮಾರು 26 ಕೋಟಿ ಡಾಲರಿಗೆ ಕುಸಿದು, 2025ರಲ್ಲಿ ಸುಮಾರು 20 ಕೋಟಿ ಡಾಲರುಗಳ ನಷ್ಟವಾಯಿತು. 2025ರ ಜೂನ್‌ನಲ್ಲಿ ಷೇರಿನ ಬೆಲೆ ಒಂದೂಕಾಲು ಡಾಲರಿಗಿಂತ ಕೆಳಗಿಳಿದಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ಕಡಮಾರಿದವರೇ ಜಾಣರೆಂದು ತೀರ್ಮಾನಿಸಬಹುದಿತ್ತು. ಆದರೆ 2025ರ ಆಗಸ್ಟಿನಲ್ಲಿ ಚೀನದ ಜಿಯಾಂಗ್ಸಿ ಪ್ರಾಂತದ ದೊಡ್ಡ ಲಿಥಿಯಂ ಗಣಿಯೊಂದು ಪರವಾನಗಿಯ ಅವಧಿ ತೀರಿದ್ದರಿಂದ ಕೆಲಸ ನಿಲ್ಲಿಸಿತು. ಸುದ್ದಿ ಬಂದ ದಿನವೇ ಪಿಲ್ಬಾರಾ ಷೇರು ಶೇಕಡಾ 15ಕ್ಕೂ ಮೀರಿ ಜಿಗಿಯಿತು. ನವೆಂಬರಿನ ವೇಳೆಗೆ ಮೂರು ಡಾಲರನ್ನು ದಾಟಿತು. ಆ ವರ್ಷದಲ್ಲಿಯೂ ಕಡಮಾರಾಟದ ಪಟ್ಟಿಯ ಮೇಲಿನ ಸಾಲುಗಳಲ್ಲಿ ಈ ಕಂಪನಿಯ ಹೆಸರಿತ್ತು. ಅಂದರೆ ಬಾಕಿ ದೊಡ್ಡದಾಗಿದ್ದ ಕಾಲದಲ್ಲಿ ಷೇರು ನಾಲ್ಕರಲ್ಲಿ ಒಂದು ಪಾಲಿಗೆ ಇಳಿದುದೂ ಉಂಟು, ಅಲ್ಲಿಂದ ಇಮ್ಮಡಿಗೂ ಮೀರಿ ಏರಿದುದೂ ಉಂಟು. ಅಂಕಿಯೊಂದರಿಂದಲೇ ಭವಿಷ್ಯ ಹೇಳಹೊರಟವನು ಎರಡರಲ್ಲಿ ಒಂದು ಬಾರಿ ಖಂಡಿತವಾಗಿಯೂ ಮೋಸಹೋಗುತ್ತಿದ್ದನು.

ಅಂಕಿ ಎಲ್ಲಿಂದ ಬರುತ್ತದೆ?

ಆಸ್ಟ್ರೇಲಿಯದಲ್ಲಿ ಕಡ ತರುವ ವ್ಯವಸ್ಥೆ ಮಾಡಿಕೊಳ್ಳದೆ ಮಾರುವುದನ್ನು 2008ರ ಜಾಗತಿಕ ಆರ್ಥಿಕ ಬಿಕ್ಕಟ್ಟಿನ ಸಮಯದಲ್ಲಿ ನಿಷೇಧಿಸಲಾಯಿತು. ಕಡ ತಂದು ಮಾರಿದವರು ತಮ್ಮ ಬಾಕಿಯನ್ನು ಎಸಿಕ್ ಎಂಬ ಸರ್ಕಾರಿ ನಿಯಂತ್ರಣ ಸಂಸ್ಥೆಗೆ ವರದಿ ಮಾಡಬೇಕೆಂಬ ನಿಯಮ 2010ರಲ್ಲಿ ಜಾರಿಗೆ ಬಂದಿತು. ತೀರ ಸಣ್ಣ ಬಾಕಿಗಳಿಗೆ ವಿನಾಯಿತಿಯುಂಟು. ವರದಿಗಳನ್ನು ಕೂಡಿಸಿ, ಪ್ರತಿಯೊಂದು ಷೇರಿನ ಒಟ್ಟು ಬಾಕಿಯನ್ನು ವ್ಯವಹಾರದ ನಾಲ್ಕು ದಿನಗಳ ತರುವಾಯ ಆ ಸಂಸ್ಥೆ ಪ್ರಕಟಿಸುತ್ತದೆ. ಅಮೆರಿಕದಲ್ಲಿ ತಿಂಗಳಿಗೆ ಎರಡು ಬಾರಿ, ತಿಂಗಳ ನಡುವಿನ ಮತ್ತು ಕೊನೆಯ ಲೆಕ್ಕವನ್ನು ತೆಗೆದು, ಕೆಲವು ದಿನಗಳ ಮೇಲೆ ಪ್ರಕಟಿಸುವ ರೂಢಿ.

ಭಾರತದಲ್ಲಿ ಹಿಂದೆ ಬದ್ಲಾ ಎಂಬ ವಾಯಿದೆ ಪದ್ಧತಿಯಿತ್ತು. 2001ರ ಜುಲೈನಲ್ಲಿ ಅದನ್ನು ನಿಲ್ಲಿಸಲಾಯಿತು. 2007ರ ಡಿಸೆಂಬರಿನಲ್ಲಿ ಸೆಬಿ ಸಂಸ್ಥೆ ಕಡಮಾರಾಟಕ್ಕೆ ಒಂದು ಚೌಕಟ್ಟನ್ನು ರೂಪಿಸಿತು, 2008ರಲ್ಲಿ ಷೇರುಗಳನ್ನು ಕಡ ಕೊಡುವ ತೆಗೆದುಕೊಳ್ಳುವ ವ್ಯವಸ್ಥೆ ಆರಂಭವಾಯಿತು. 2024ರ ಜನವರಿಯ ಸುತ್ತೋಲೆಯಲ್ಲಿ ಸೆಬಿ ಮತ್ತೆ ಸ್ಪಷ್ಟಪಡಿಸಿದಂತೆ, ಮಾರಿದ ಷೇರನ್ನು ಒಪ್ಪಿಸುವ ಹೊಣೆಯಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಸಂಸ್ಥೆಗಳು ಬೇಡಿಕೆ ಸಲ್ಲಿಸುವಾಗಲೇ ಅದು ಕಡಮಾರಾಟವೆಂದು ತಿಳಿಸಬೇಕು, ಸಾಮಾನ್ಯ ಹೂಡಿಕೆದಾರರು ಆ ದಿನದ ವ್ಯವಹಾರ ಮುಗಿಯುವುದರೊಳಗೆ ತಿಳಿಸಬೇಕು.

ಓದುವ ಕ್ರಮ

ಬಾಕಿಯ ಅಂಕಿಯನ್ನು ಕೈಗೆತ್ತಿಕೊಂಡವರು ಮೊದಲು ನೋಡಬೇಕಾದುದು ಅದು ಯಾವ ಮೊತ್ತದ ಶೇಕಡಾವಾರು ಎಂಬುದನ್ನು. ಆಸ್ಟ್ರೇಲಿಯದ ಪಟ್ಟಿ ಕಂಪನಿಯ ಒಟ್ಟು ಷೇರುಗಳನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಬೇರೆ ಕೆಲವರು ಪೇಟೆಯಲ್ಲಿ ಕೈಬದಲಾಗಲು ಸಿಗುವ ಷೇರುಗಳನ್ನು ಮಾತ್ರ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಸ್ಥಾಪಕರ ಕೈಯಲ್ಲಿ ಅರ್ಧದಷ್ಟು ಷೇರು ಅಲುಗದೆ ಉಳಿದಿದ್ದರೆ, ಮೊದಲನೆಯ ಲೆಕ್ಕದ ಶೇಕಡಾ 10 ಎರಡನೆಯ ಲೆಕ್ಕದಲ್ಲಿ ಶೇಕಡಾ 20 ಆಗುತ್ತದೆ. ಆಧಾರವೂ ಬದಲಾಗುತ್ತಿರುತ್ತದೆ. ಬ್ರೆಜಿಲಿನಲ್ಲಿ ಲಿಥಿಯಂ ನಿಕ್ಷೇಪವಿದ್ದ ಲ್ಯಾಟಿನ್ ರಿಸೋರ್ಸಸ್ ಎಂಬ ಕಂಪನಿಯನ್ನು 2025ರ ಆರಂಭದಲ್ಲಿ ಪಿಲ್ಬಾರಾ ಹೊಸ ಷೇರುಗಳನ್ನು ಕೊಟ್ಟು ಕೊಂಡಿತು. ಒಟ್ಟು ಷೇರುಗಳು 320 ಕೋಟಿಯ ಹತ್ತಿರಕ್ಕೆ ಬಂದವು. ಇಂತಹ ಸಂದರ್ಭದಲ್ಲಿ ಒಬ್ಬನೂ ತನ್ನ ಕಡವನ್ನು ತೀರಿಸದಿದ್ದರೂ ಶೇಕಡಾವಾರು ಇಳಿದಂತೆ ತೋರುವುದು.

ಎರಡನೆಯದು, ತೀರುವಳಿಯ ದಿನಗಳು. ಬಾಕಿ ಷೇರುಗಳನ್ನು ದಿನವೊಂದಕ್ಕೆ ಸರಾಸರಿ ಕೈಬದಲಾಗುವ ಷೇರುಗಳಿಂದ ಭಾಗಿಸಿದರೆ ಇದು ದೊರೆಯುತ್ತದೆ. 60 ಕೋಟಿ ಬಾಕಿಯಿದ್ದು, ದಿನಕ್ಕೆ 3 ಕೋಟಿ ಷೇರುಗಳು ಕೈಬದಲಾಗುವುವೆಂದು ಇಟ್ಟುಕೊಂಡರೆ, ಪೇಟೆಯಲ್ಲಿ ಬೇರೆ ಯಾರೂ ಕೊಳ್ಳದಿದ್ದರೂ ಎಲ್ಲರ ಕಡ ತೀರಲು 20 ದಿನಗಳು ಬೇಕು. ಬಾಗಿಲು ಎಷ್ಟು ಕಿರಿದು ಎಂಬುದನ್ನು ಈ ಅಂಕಿ ಹೇಳುತ್ತದೆ. ಜಾತ್ರೆಯ ಜನ ಒಂದೇ ಕಿರುಬಾಗಿಲಿನಿಂದ ಹೊರಡಲು ನುಗ್ಗಿದರೆ ಆಗುವ ಅನಾಹುತವೇ ಇಲ್ಲಿಯೂ ಆಗಬಹುದು.

ಅದನ್ನು ಇಂಗ್ಲಿಷಿನಲ್ಲಿ ಶಾರ್ಟ್ ಸ್ಕ್ವೀಜ್ ಎನ್ನುತ್ತಾರೆ. ಆಲೆಯಲ್ಲಿ ಸಿಕ್ಕ ಕಬ್ಬಿನ ಸ್ಥಿತಿ. ಗಣಿಗೆ ಸಂಬಂಧಿಸದಿದ್ದರೂ ಇದರ ಅತ್ಯಂತ ಪ್ರಸಿದ್ಧ ನಿದರ್ಶನ ಜರ್ಮನಿಯ ಫೋಕ್ಸ್‌ವಾಗನ್ ಕಂಪನಿಯದು. 2008ರ ಅಕ್ಟೋಬರ್ 26ರಂದು ಪೋರ್ಷೆ ಕಂಪನಿ ತನ್ನ ಬಳಿ ಫೋಕ್ಸ್‌ವಾಗನ್ನಿನ ಶೇಕಡಾ 42.6 ಷೇರುಗಳೂ, ಇನ್ನೂ ಶೇಕಡಾ 31.5ರ ಮೇಲೆ ಕರಾರಿನ ಹಿಡಿತವೂ ಇದೆಯೆಂದು ಪ್ರಕಟಿಸಿತು. ಸುಮಾರು ಶೇಕಡಾ 20 ಷೇರುಗಳು ಪ್ರಾಂತೀಯ ಸರ್ಕಾರದ ಕೈಯಲ್ಲಿದ್ದವು. ಉಳಿದದ್ದು ಶೇಕಡಾ 6ರಷ್ಟು; ಕಡಮಾರಿದವರು ಹಿಂದಿರುಗಿಸಬೇಕಾದುದು ಅದಕ್ಕಿಂತ ಹೆಚ್ಚು. ಎರಡೇ ದಿನಗಳಲ್ಲಿ ಷೇರಿನ ಬೆಲೆ 1,000 ಯೂರೋಗಳನ್ನು ದಾಟಿತು. ಆ ಎರಡು ದಿನಗಳಲ್ಲಿ ಬೆಲೆಯನ್ನು ನಿರ್ಧರಿಸಿದ್ದು ಕಂಪನಿಯ ಯೋಗ್ಯತೆಯಲ್ಲ, ಕಡ ತೀರಿಸಲೇಬೇಕಾದವರ ಸಂಕಟ.

ಮೂರನೆಯದು, ಬಾಕಿಯ ಅಂಕಿಗೂ ದಿನದ ಕಡಮಾರಾಟದ ಅಂಕಿಗೂ ಇರುವ ಭೇದ. ಒಂದು ದಿನದಲ್ಲಿ ಮಾರಾಟವಾದ ಷೇರುಗಳಲ್ಲಿ ಎಷ್ಟು ಕಡ ತಂದವು ಎಂಬ ಪಟ್ಟಿಯನ್ನೂ ಪೇಟೆಗಳು ಪ್ರಕಟಿಸುತ್ತವೆ. ಬೆಳಿಗ್ಗೆ ಮಾರಿ ಸಂಜೆಯೊಳಗೆ ಕೊಂಡು ತೀರಿಸಿದವರ ವ್ಯವಹಾರವೂ ಅದರಲ್ಲಿ ಸೇರುತ್ತದೆ. ದಿನವಿಡೀ ಹರಿದ ನೀರಿನ ಅಳತೆ ಬೇರೆ, ಸಂಜೆ ಕೆರೆಯಲ್ಲಿ ನಿಂತ ನೀರಿನ ಅಳತೆ ಬೇರೆ. ದಿನದ ಅಂಕಿಯನ್ನು ನೋಡಿ, ಅರ್ಧದಷ್ಟು ಷೇರುಗಳು ಕಡಮಾರಾಟವಾಗಿವೆಯೆಂದು ಬೆದರುವವರು ಈ ಭೇದವನ್ನು ಮರೆತವರು.

ನಾಲ್ಕನೆಯದು, ಅಂಕಿಯ ಹಿಂದಿರುವ ಉದ್ದೇಶ. ಕಡಮಾರಿದವರೆಲ್ಲರೂ ಕಂಪನಿ ಕುಸಿಯಲೆಂದು ಹಾರೈಸುವವರಲ್ಲ. ಬೇರೊಂದು ಲಿಥಿಯಂ ಕಂಪನಿಯ ಷೇರನ್ನು ಕೊಂಡವನು, ಲಿಥಿಯಂ ಬೆಲೆ ಇಳಿದರೆ ಬರುವ ನಷ್ಟಕ್ಕೆ ರಕ್ಷಣೆಯಾಗಿ ಪಿಲ್ಬಾರಾವನ್ನು ಕಡಮಾರಿರಬಹುದು. ಸಾಲಪತ್ರವನ್ನು ಷೇರಾಗಿ ಪರಿವರ್ತಿಸಿಕೊಳ್ಳುವ ಹಕ್ಕು ಪಡೆದವನು, ಆ ಹಕ್ಕಿನ ಬೆಲೆಯನ್ನು ಕಾಪಾಡಿಕೊಳ್ಳಲು ಷೇರನ್ನು ಕಡಮಾರಿರಬಹುದು. ಅದಿರಿನ ಬೆಲೆಯ ಬಗ್ಗೆ ಮಾತ್ರ ಸಂಶಯವುಳ್ಳವನಿಗೆ, ಸುಲಭವಾಗಿ ಕಡ ಸಿಗುವ ದೊಡ್ಡ ಗಣಿಯ ಷೇರೇ ಅನುಕೂಲವಾಗಿ ಒದಗಿರಬಹುದು. ಇವರೆಲ್ಲರ ಷೇರುಗಳೂ ಒಂದೇ ಬಾಕಿಯಲ್ಲಿ ಕೂಡಿಕೊಂಡಿರುತ್ತವೆ. ಸಂಖ್ಯೆ ಎಷ್ಟೆಂದು ಅಂಕಿ ಹೇಳುತ್ತದೆ, ಏಕೆಂದು ಹೇಳುವುದಿಲ್ಲ.

ಐದನೆಯದು, ಕಾಲ. ಇಂದು ಓದುವ ಪಟ್ಟಿ ನಾಲ್ಕು ದಿನ ಹಿಂದಿನ ಸ್ಥಿತಿಯನ್ನು ತೋರುವುದು. ಆದ್ದರಿಂದ ಒಂದು ದಿನದ ಅಂಕಿಗಿಂತ ಹಲವು ತಿಂಗಳುಗಳ ಏರಿಳಿತದ ದಿಕ್ಕು ಹೆಚ್ಚು ನಂಬತಕ್ಕುದು. ಬೆಲೆ ಏರುತ್ತಿದ್ದರೂ ಬಾಕಿ ಏರುತ್ತಿದೆಯೇ? ಆಗ ಸಂಶಯ ಬಲವಾಗುತ್ತಿದೆ. ಬೆಲೆ ಏರುತ್ತ ಬಾಕಿ ಇಳಿಯುತ್ತಿದೆಯೇ? ಆಗ ಏರಿಕೆಯ ಒಂದು ಭಾಗ ಕಡ ತೀರಿಸುವವರ ಕೊಳ್ಳುವಿಕೆಯಿಂದ ಬಂದುದು. ಆ ಕೊಳ್ಳುವಿಕೆ ಮುಗಿದ ಮೇಲೆ ಏರಿಕೆಯ ಆ ಆಸರೆಯೂ ಮುಗಿಯುತ್ತದೆ. ಕಡದ ಶುಲ್ಕ ಏರುತ್ತಿದ್ದರೆ ಕಡ ಕೊಡುವ ಷೇರುಗಳು ವಿರಳವಾಗುತ್ತಿವೆಯೆಂದು ತಿಳಿಯಬೇಕು.

ಸಂಶಯ ಸತ್ಯವಾದಾಗ

ಸಂಶಯಪಡುವವರನ್ನು ಪೇಟೆಯ ಶತ್ರುಗಳೆಂದು ಹಳಿಯುವುದು ಸುಲಭ. ಕೆನಡಾದ ಬ್ರೀ-ಎಕ್ಸ್ ಪ್ರಕರಣವನ್ನು ಬಲ್ಲವರು ಹಾಗೆ ಹಳಿಯಲಾರರು. ಕ್ಯಾಲ್ಗರಿ ನಗರದ ಈ ಸಣ್ಣ ಕಂಪನಿ 1993ರಲ್ಲಿ ಇಂಡೊನೇಷ್ಯದ ಬೋರ್ನಿಯೋ ದ್ವೀಪದ ಬುಸಾಂಗ್ ಎಂಬಲ್ಲಿ ಅನ್ವೇಷಣೆಯ ಹಕ್ಕನ್ನು ಪಡೆದು, ಅಲ್ಲಿ ಅಪಾರವಾದ ಚಿನ್ನವಿದೆಯೆಂದು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಪ್ರಮಾಣವನ್ನು ಪ್ರಕಟಿಸುತ್ತ ಬಂದಿತು. ಕಂಪನಿಯ ಒಟ್ಟು ಬೆಲೆ 600 ಕೋಟಿ ಕೆನಡಿಯನ್ ಡಾಲರುಗಳನ್ನು ಮುಟ್ಟಿತು. 1997ರ ಮಾರ್ಚಿನಲ್ಲಿ ಪಾಲುದಾರನಾಗಬಂದ ಫ್ರೀಪೋರ್ಟ್ ಕಂಪನಿ ತಾನೇ ಕೊರೆದು ನೋಡಿ, ಹೇಳಿಕೊಳ್ಳುವಷ್ಟು ಚಿನ್ನ ಕಾಣಲಿಲ್ಲವೆಂದು ತಿಳಿಸಿತು. ಮೇ ತಿಂಗಳಲ್ಲಿ ಸ್ವತಂತ್ರ ಪರಿಶೋಧಕರ ವರದಿ ಬಂದಾಗ, ಪರೀಕ್ಷೆಗೆ ಕಳುಹಿಸಿದ ಕಲ್ಲಿನ ಪುಡಿಗೆ ಹೊರಗಿನ ಚಿನ್ನವನ್ನು ಬೆರೆಸಲಾಗಿತ್ತೆಂಬುದು ಬಯಲಾಯಿತು. ಷೇರು ಕಾಗದದ ಬೆಲೆಗೂ ಬಾಳದಾಯಿತು. ಪಿಂಚಣಿ ನಿಧಿಗಳೂ ಸಾಮಾನ್ಯ ಕುಟುಂಬಗಳೂ ಆ ಕಾಗದವನ್ನು ಹಿಡಿದು ನಿಂತವು.

ಆದರೆ ಈ ಕಥೆಗೆ ಇನ್ನೊಂದು ಮುಖವುಂಟು. ಬುಸಾಂಗಿನಲ್ಲಿ ಚಿನ್ನವಿಲ್ಲವೆಂದು 1995ರಲ್ಲೇ ಶಂಕಿಸಿ ಕಡಮಾರಿದವನೊಬ್ಬನಿದ್ದನೆಂದು ಊಹಿಸಬಹುದು. ಅವನು ಕಂಡದ್ದು ನಿಜ. ಆದರೂ ಮುಂದಿನ ಎರಡು ವರ್ಷಗಳಲ್ಲಿ ಷೇರಿನ ಬೆಲೆ ಹಲವು ಪಟ್ಟು ಏರಿದಾಗ, ಕಡದ ಭಾರವನ್ನು ಹೊರಲಾರದೆ, ಸತ್ಯ ಹೊರಬೀಳುವ ಮೊದಲೇ ದಿವಾಳಿಯಾಗಿ ಪೇಟೆಯಿಂದ ಹೊರಬೀಳುತ್ತಿದ್ದನು. ಸತ್ಯವನ್ನು ಕಂಡರೆ ಸಾಲದು, ಅದು ಬಯಲಾಗುವ ದಿನದವರೆಗೆ ಕಡವನ್ನು ಹೊತ್ತಿರುವ ಶಕ್ತಿಯೂ ಬೇಕು. ಇದೇ ಕಾರಣಕ್ಕೆ, ಬಾಕಿ ಕಡಿಮೆಯಿದೆಯೆಂದು ನಿಶ್ಚಿಂತರಾಗುವುದೂ ತಪ್ಪು. ಸಂಶಯವುಳ್ಳವರು ಸೋತು ಹೊರಟುಹೋಗಿದ್ದರೂ ಬಾಕಿ ಕಡಿಮೆಯಾಗಿರುತ್ತದೆ.

ಉಪಸಂಹಾರ

ಹೀಗಿರುವಲ್ಲಿ ಈ ಅಂಕಿಯಿಂದ ಪ್ರಯೋಜನವೇನು? ಪ್ರಯೋಜನ ದೊಡ್ಡದೇ, ಆದರೆ ಅದು ಉತ್ತರ ಕೊಡುವುದರಲ್ಲಿಲ್ಲ, ಪ್ರಶ್ನೆ ಕೇಳಿಸುವುದರಲ್ಲಿದೆ. ಗಣಿ ಕಂಪನಿಯೊಂದರ ಷೇರಿನಲ್ಲಿ ಐದರಲ್ಲೊಂದು ಪಾಲು ಕಡಮಾರಾಟವಾಗಿದೆಯೆಂದು ತಿಳಿದವರು ಒಡನೆಯೇ ಮಾರಬೇಕಾಗಿಯೂ ಇಲ್ಲ, ಸ್ಕ್ವೀಜ್ ಆಗುವುದೆಂಬ ಆಸೆಯಿಂದ ಒಡನೆಯೇ ಕೊಳ್ಳಬೇಕಾಗಿಯೂ ಇಲ್ಲ. ಕಂಪನಿಯ ವರದಿಯನ್ನು ತೆರೆದು, ಅದಿರಿನ ಟನ್ನೊಂದನ್ನು ತೆಗೆಯಲು ತಗಲುವ ವೆಚ್ಚವೆಷ್ಟು, ಮಾರಿದರೆ ಬರುವುದೆಷ್ಟು, ಬೆಲೆ ಕುಸಿದ ವರ್ಷಗಳನ್ನು ದಾಟಲು ಕೈಯಲ್ಲಿ ನಗದು ಎಷ್ಟಿದೆ, ಭೂಗರ್ಭದ ಅಂದಾಜನ್ನು ಹೊರಗಿನವರು ಪರೀಕ್ಷಿಸಿದ್ದಾರೆಯೇ ಎಂದು ನೋಡಬೇಕು. ಸಂಶಯಪಡುವವರು ಕಂಡದ್ದು ಆ ಪುಟಗಳಲ್ಲಿ ಕಂಡರೆ ದೂರ ನಿಲ್ಲಬೇಕು. ಕಾಣದಿದ್ದರೆ, ಅವರ ಸಂಖ್ಯೆಗೆ ಹೆದರಬೇಕಾದುದಿಲ್ಲ. ಆದರೆ ಇನ್ನೊಮ್ಮೆ ಓದಬೇಕು. ಷೇರನ್ನು ತಾವೇ ಕಡಮಾರುವುದಂತೂ ಉಳಿತಾಯದ ಹಣವುಳ್ಳವರ ಕೆಲಸವಲ್ಲ. ಮಿತಿಯಿಲ್ಲದ ನಷ್ಟವನ್ನು ಹೊರುವ ಹಕ್ಕು ದತ್ತಿನಿಧಿಯ ಪಾಲಕರಿಗೆ ಯಾರೂ ಕೊಟ್ಟಿರುವುದಿಲ್ಲ.

ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಷೇರುದಾರರ ಮುಂದೆ ಅಂದು ಇದ್ದ ಪ್ರಶ್ನೆಯೂ ಇದೇ ಆಗಿತ್ತು. ಕಂಪನಿಯನ್ನು ಮುಚ್ಚೋಣವೆಂದವರ ಸಂಶಯಕ್ಕೆ ಕಾರಣವಿತ್ತು. ಹೋದ ಹಣ ಹೋಗಿತ್ತು, ಚಿನ್ನ ಬಂದಿರಲಿಲ್ಲ. ಪ್ರಶ್ನೆಯನ್ನು ತೀರ್ಮಾನಿಸಿದ್ದು ಸಂಶಯಪಟ್ಟವರ ಸಂಖ್ಯೆಯಲ್ಲ, ಇನ್ನಷ್ಟು ಆಳಕ್ಕೆ ತೋಡಿದ ಗುಂಡಿ. ಬುಸಾಂಗಿನಲ್ಲಿಯೂ ತೀರ್ಮಾನ ಬಂದುದು ಹಾಗೆಯೇ, ಬೇರೆಯವರು ಬಂದು ಕೊರೆದು ನೋಡಿದ ಮೇಲೆ. ಒಂದು ಕಡೆ ಚಿನ್ನವಿತ್ತು, ಇನ್ನೊಂದು ಕಡೆ ಇರಲಿಲ್ಲ. ಕಡಮಾರಾಟದ ಬಾಕಿ ಎಷ್ಟೇ ನಿಖರವಾದ ಅಂಕಿಯಾದರೂ ಅದು ಮನುಷ್ಯರ ಮನಸ್ಸಿನ ಲೆಕ್ಕ. ನೆಲದ ಲೆಕ್ಕವನ್ನು ನೆಲದಲ್ಲಿಯೇ ಹುಡುಕಬೇಕು.